ಆಳಸಮುದ್ರದ ಹತ್ತು ದಿನ ಮತ್ತು ದಿನಕ್ಕೊಂದು ಎಚ್‌ಐವಿ ಮಾತ್ರೆ

ಪ್ರಶ್ನೆ: ನನಗೆ 36 ವರ್ಷ. ಮಲ್ಪೆಯಲ್ಲಿ ಆಳಸಮುದ್ರದ ಬೋಟಿಗೆ ಹೋಗುತ್ತೇನೆ. ಒಂಬತ್ತು ತಿಂಗಳಿಂದ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಸೆಂಟರಿನ ಮಾತ್ರೆ ದಿನಕ್ಕೊಂದು ತೆಗೆದುಕೊಳ್ಳುತ್ತಿದ್ದೇನೆ. ಆರು ತಿಂಗಳಿಗೆ ಮಾಡಿದ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣದ) ಪರೀಕ್ಷೆಯಲ್ಲಿ ‘ಟಿಎನ್‌ಡಿ’ (ವೈರಸ್ ಸಿಗಲಿಲ್ಲ) ಎಂದು ಬಂದಿದೆ. ಕಳೆದ ಟ್ರಿಪ್ಪಿನಲ್ಲಿ ಬೋಟಿನವರ ಕಣ್ಣು ತಪ್ಪಿಸಲಾಗದೆ ಮೂರು ದಿನ ಮಾತ್ರೆ ಬಿಟ್ಟುಹೋಯಿತು. ದಡಕ್ಕೆ ಬಂದ ಮೇಲೆ ಮೂರು ದಿನ ಎರಡೆರಡು ನುಂಗಿ ಲೆಕ್ಕ ಸರಿಮಾಡಿದೆ. ಇದು ತಪ್ಪೇ? ಟಿಎನ್‌ಡಿ ಬಂದ ಮೇಲೆ ಒಂದೆರಡು ದಿನ ಬಿಟ್ಟರೆ ಏನಾಗುತ್ತದೆ? ಎದೆಯುರಿಗೆ ಆಗಾಗ ಡೈಜಿನ್, ಬೆನ್ನುನೋವಿಗೆ ಮೆಡಿಕಲ್ ಅಂಗಡಿಯ ಮಾತ್ರೆ ತೆಗೆದುಕೊಳ್ಳುತ್ತೇನೆ. ಆಟಿ ಅಮಾವಾಸ್ಯೆಯ ಪಾಲೆ ತೊಗಟೆಯ ಕಷಾಯ ಕುಡಿಯಬಹುದೇ? ಊರಿನವರು ಕಂಡಾರೆಂದು ಮಾತ್ರೆಯನ್ನು ಮಂಗಳೂರಿನಿಂದ ತರುತ್ತೇನೆ. ಹೆಂಡತಿಗೆ ವಿಷಯ ಗೊತ್ತಿದೆ, ಅವಳದು ನೆಗೆಟಿವ್. ನಮಗೆ ಮಗು ಬೇಕು.
(ಹೆಸರು ಬೇಡ, ಉಡುಪಿ)

ಉತ್ತರ: ಮೊದಲು ತುರ್ತಿನ ಮಾತು. ಇನ್ನು ಮುಂದೆ ಎರಡೆರಡು ಮಾತ್ರೆ ನುಂಗಬೇಡಿ. ತಪ್ಪಿದ ದಿನದ ಮಾತ್ರೆಯ ಕೆಲಸವನ್ನು ಇವತ್ತಿನ ಹೆಚ್ಚುವರಿ ಮಾತ್ರೆ ಮಾಡಿಕೊಡುವುದಿಲ್ಲ. ಮೂರು ದಿನ ಹಾಗೆ ಮಾಡಿದ್ದರಿಂದ ದೊಡ್ಡ ಅನಾಹುತ ಆಗಿರಲಿಕ್ಕಿಲ್ಲ, ಗಾಬರಿ ಬೇಡ. ಆದರೆ ಆ ಮಾತ್ರೆಯ ಒಂದು ಔಷಧ ಮೂತ್ರಪಿಂಡದ ಮೂಲಕವೇ ಹೊರಗೆ ಹೋಗಬೇಕು. ಅದಕ್ಕೆ ಸುಮ್ಮನೆ ಭಾರ ಹೇರಿದಂತಾಯಿತು, ಅಷ್ಟೆ. ಮುಂದೆ ತಪ್ಪಿದರೆ ಹೀಗೆ ಮಾಡಿ: ನೆನಪಾದ ತಕ್ಷಣ ಒಂದು ನುಂಗಿ. ಮುಂದಿನ ಮಾತ್ರೆಗೆ ನಾಲ್ಕು ಗಂಟೆಯೂ ಉಳಿದಿಲ್ಲ ಎಂದಾದರೆ ತಪ್ಪಿದ್ದನ್ನು ಬಿಟ್ಟು, ಸಮಯಕ್ಕೆ ಸರಿಯಾಗಿ ಒಂದನ್ನೇ ತೆಗೆದುಕೊಳ್ಳಿ. ಮೂರು ದಿನವಲ್ಲ, ಹತ್ತು ದಿನ ತಪ್ಪಿದರೂ ಮರಳಿ ಶುರುಮಾಡುವುದು ಒಂದೇ ಮಾತ್ರೆಯಿಂದ. ಮತ್ತೆ, ತಪ್ಪಿದ್ದನ್ನು ಸೆಂಟರಿನಲ್ಲಿ ಹೇಳಬೇಕು. ಡಬ್ಬಿಯಲ್ಲಿ ಲೆಕ್ಕ ಸರಿಯಾಗಿ ಕಂಡರೆ ಕೌನ್ಸೆಲರ್ ನಂಬುತ್ತಾರೆ. ರಕ್ತದಲ್ಲಿರುವ ವೈರಸ್ಸಿಗೆ ಆ ಲೆಕ್ಕ ತಿಳಿಯುವುದಿಲ್ಲ.

ನೀವು ನುಂಗುತ್ತಿರುವುದು ಬಹುತೇಕ ‘ಟಿಎಲ್‌ಡಿ’ ಎಂದು ಕರೆಯುವ ಮಾತ್ರೆ ಇರಬೇಕು. ಡಬ್ಬಿಯ ಲೇಬಲ್ ನೋಡಿ: ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ಒಂದೇ ಮಾತ್ರೆಯಲ್ಲಿ ಮೂರು ಔಷಧ. (ಲೇಬಲ್ಲಿನಲ್ಲಿ ಬೇರೆ ಹೆಸರಿದ್ದರೆ, ಡೈಜಿನ್ ಬಗ್ಗೆ ಕೆಳಗೆ ಬರೆದದ್ದನ್ನು ನಿಮ್ಮ ಸೆಂಟರಿನಲ್ಲಿ ಕೇಳಿಯೇ ಪಾಲಿಸಿ.) ವೈರಸ್ ನಮ್ಮ ರಕ್ತಕಣದೊಳಗೆ ಹೊಕ್ಕ ಮೇಲೆ ತನ್ನ ಬರಹವನ್ನು ನಮ್ಮ ಡಿಎನ್‌ಎ ಭಾಷೆಗೆ ನಕಲು ಮಾಡಿಕೊಳ್ಳುತ್ತದೆ. ಮೊದಲೆರಡು ಔಷಧಗಳು ಆ ನಕಲನ್ನು ಅರ್ಧಕ್ಕೆ ಕಡಿಯುತ್ತವೆ. ಕಣ್ಣುತಪ್ಪಿ ನಕಲಾದದ್ದು ನಮ್ಮ ಡಿಎನ್‌ಎಗೆ ಹೊಲಿದುಕೊಳ್ಳದಂತೆ ಡೊಲುಟೆಗ್ರಾವಿರ್ ತಡೆಯುತ್ತದೆ.

ಮೂರು ಯಾಕೆ ಬೇಕು ಎಂಬುದರಲ್ಲೇ ನಿಮ್ಮ ‘ಒಂದೆರಡು ದಿನ ಬಿಟ್ಟರೆ ಏನು’ ಎಂಬ ಪ್ರಶ್ನೆಗೂ ಉತ್ತರ ಇದೆ. ಈ ವೈರಸ್ ನಕಲು ಮಾಡುವಾಗ ವಿಪರೀತ ತಪ್ಪು ಮಾಡುತ್ತದೆ. ತಪ್ಪಾದ ನಕಲುಗಳಲ್ಲಿ ಹೆಚ್ಚಿನವು ಸಾಯುತ್ತವೆ, ಯಾವುದೋ ಒಂದು ಮಾತ್ರ ಆಕಸ್ಮಿಕವಾಗಿ ಒಂದು ಔಷಧಕ್ಕೆ ಬಗ್ಗದ ಹಾಗೆ ಹುಟ್ಟಿಬಿಡುತ್ತದೆ. ಲ್ಯಾಮಿವುಡಿನ್ ಸೋಲುವುದಕ್ಕೆ ಒಂದೇ ಒಂದು ಅಕ್ಷರದೋಷ ಸಾಕು. ಮೂರೂ ಔಷಧಗಳನ್ನು ಒಮ್ಮೆಗೇ ದಾಟುವ ನಕಲು ಹುಟ್ಟುವುದು ಬಹಳ ಕಷ್ಟ. ಆದರೆ ನೀವು ಮಾತ್ರೆ ಬಿಟ್ಟಾಗ ಮೂರೂ ಒಟ್ಟಿಗೆ ರಕ್ತದಿಂದ ಇಳಿಯುವುದಿಲ್ಲ. ಡೊಲುಟೆಗ್ರಾವಿರ್ ಸುಮಾರು 14 ಗಂಟೆಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ, ಟೆನೊಫೊವಿರ್ ನಮ್ಮ ರಕ್ತಕಣಗಳ ಒಳಗೆ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಒಂದು ಔಷಧ ಒಂಟಿಯಾಗಿ ಕಾವಲು ನಿಂತ ಆ ಹೊತ್ತೇ ವೈರಸ್ಸಿಗೆ ಸಿಗುವ ಸಂದು.

ಒಂದು ಸಲ ಮೂರು ದಿನ ತಪ್ಪಿದ್ದಕ್ಕೇ ಔಷಧ ಕೆಟ್ಟುಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಡೊಲುಟೆಗ್ರಾವಿರ್ ಗಟ್ಟಿ ಔಷಧ, ಹಳೆಯ ಔಷಧಗಳಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ. ನನಗೆ ಭಯವಿರುವುದು ರೂಢಿಯ ಬಗ್ಗೆ. ಪ್ರತಿ ಟ್ರಿಪ್ಪಿಗೆ ಮೂರು ದಿನ ಎಂದರೆ ತಿಂಗಳಿಗೆ ಆರೋ ಒಂಬತ್ತೋ ಆಗುತ್ತದೆ. ಕನಿಷ್ಠ 95 ಶೇಕಡಾ ಮಾತ್ರೆ ತಪ್ಪದೆ ನುಂಗಬೇಕು ಎಂದು ಸೆಂಟರಿನಲ್ಲಿ ಹೇಳುತ್ತಾರಲ್ಲ, 30ರ ಡಬ್ಬಿಯಲ್ಲಿ ಎರಡು ಉಳಿದರೂ 93ಕ್ಕೆ ಇಳಿಯಿತು.

ಟಿಎನ್‌ಡಿ ಎಂದರೆ ಪರೀಕ್ಷೆಯ ಯಂತ್ರಕ್ಕೆ ವೈರಸ್ ಸಿಗಲಿಲ್ಲ ಎಂದು. ಇದು ನಿಜಕ್ಕೂ ಸಂತೋಷದ ಫಲಿತಾಂಶ, ನೀವು ಮಾತ್ರೆ ಸರಿಯಾಗಿ ತೆಗೆದುಕೊಂಡದ್ದರ ಫಲ. ಆದರೆ ವೈರಸ್ ಹೋಗಿಲ್ಲ. ಕೆಲವು ರಕ್ತಕಣಗಳ ಡಿಎನ್‌ಎ ಒಳಗೆ ಸದ್ದಿಲ್ಲದೆ ಮಲಗಿದೆ. ಮಾತ್ರೆ ಪೂರ್ತಿ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಎದ್ದು ಬರುತ್ತದೆ. ಇನ್ನೂ ಒಂದು ವಿಷಯ: ಸೆಂಟರಿನವರು ಕೊಟ್ಟ ನಿಮ್ಮ ಹಸಿರು ಚಿಕಿತ್ಸಾ ಪುಸ್ತಕದಲ್ಲಿ ಹೆಪಟೈಟಿಸ್ ಬಿ (ಯಕೃತ್ತಿನ ವೈರಸ್ ಸೋಂಕು) ಪರೀಕ್ಷೆಯ ಫಲಿತಾಂಶ ಏನಿದೆ ಎಂದು ನೋಡಿ, ಇಲ್ಲದಿದ್ದರೆ ಕೇಳಿ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಆ ವೈರಸ್ಸನ್ನೂ ಹಿಡಿದಿಡುತ್ತವೆ. ಎರಡೂ ಸೋಂಕು ಇರುವವರು ಮಾತ್ರೆ ಥಟ್ಟನೆ ನಿಲ್ಲಿಸಿದರೆ ಯಕೃತ್ತು ಒಮ್ಮೆಲೇ ಉರಿದು ಜೀವಕ್ಕೇ ಕುತ್ತು ಬರಬಹುದು.

ಇನ್ನು ನಿಮ್ಮ ಡೈಜಿನ್. ಪತ್ರದಲ್ಲಿ ಅದನ್ನು ನೀವು ಹಾದಿಯಲ್ಲಿ ಹೇಳಿದ ಹಾಗೆ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಮೂರು ದಿನ ತಪ್ಪಿದ್ದಕ್ಕಿಂತ ಅದೇ ಹೆಚ್ಚು ಚಿಂತೆಯ ವಿಷಯ. ಯಾಕೆಂದರೆ ತಪ್ಪಿದ ಮಾತ್ರೆ ನಿಮಗೆ ಗೊತ್ತಿರುತ್ತದೆ. ಹೊಟ್ಟೆಯಲ್ಲೇ ವ್ಯರ್ಥವಾದ ಮಾತ್ರೆ ಯಾರಿಗೂ ಗೊತ್ತಾಗುವುದಿಲ್ಲ.

ಡೈಜಿನ್, ಜೆಲುಸಿಲ್‌ನಂಥ ಔಷಧಗಳಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಶಿಯಂ ಇರುತ್ತದೆ. ಡೊಲುಟೆಗ್ರಾವಿರ್ ಅಣುವಿಗೆ ಇಂಥ ಲೋಹ ಕಂಡರೆ ಅಂಟಿಕೊಳ್ಳುವ ಗುಣ. ವೈರಸ್ಸಿನ ಕಿಣ್ವದಲ್ಲಿರುವ ಮೆಗ್ನೀಶಿಯಂ ಹಿಡಿದುಕೊಂಡೇ ಅದು ಕೆಲಸ ಮಾಡುವುದು. ಅದೇ ಗುಣ ಹೊಟ್ಟೆಯಲ್ಲಿ ಮುಳುವಾಗುತ್ತದೆ: ಡೈಜಿನ್ನಿನ ಲೋಹಕ್ಕೆ ಅಲ್ಲೇ ಅಂಟಿಕೊಂಡು, ಕರುಳಿನಿಂದ ರಕ್ತಕ್ಕೆ ಹೋಗದೆ, ಮಲದಲ್ಲಿ ಹೊರಟುಹೋಗುತ್ತದೆ. ನೀವು ಮಾತ್ರೆ ನುಂಗಿದ್ದೀರಿ, ಡಬ್ಬಿಯಲ್ಲಿ ಲೆಕ್ಕ ಸರಿಯಿದೆ, ಆದರೆ ಮೂರರಲ್ಲಿ ಮುಖ್ಯವಾದ ಔಷಧ ರಕ್ತಕ್ಕೆ ಸೇರಿದ್ದು ಸ್ವಲ್ಪ ಮಾತ್ರ. ಆದ್ದರಿಂದ ಎಚ್‌ಐವಿ ಮಾತ್ರೆ ನುಂಗಿ ಎರಡು ಗಂಟೆ ಆಗುವ ತನಕ ಡೈಜಿನ್ ಮುಟ್ಟಬೇಡಿ. ಡೈಜಿನ್ ಮೊದಲೇ ಕುಡಿದಿದ್ದರೆ ಆರು ಗಂಟೆ ಬಿಟ್ಟು ಮಾತ್ರೆ ನುಂಗಿ. ಬೆಳಿಗ್ಗೆ ಏಳಕ್ಕೆ ಮಾತ್ರೆ ನುಂಗುವವರಿಗೆ ಒಂಬತ್ತರ ಮೇಲೆ ಡೈಜಿನ್‌ಗೆ ಅಡ್ಡಿಯಿಲ್ಲ, ಆದರೆ ನಡುರಾತ್ರಿ ಒಂದರ ನಂತರ ಬೇಡ.

ಪದೇ ಪದೇ ಎದೆಯುರಿ ಬರುತ್ತಿದ್ದರೆ ವೈದ್ಯರಲ್ಲಿ ಪ್ಯಾಂಟೊಪ್ರಜೋಲ್ ಬಗ್ಗೆ ಕೇಳಿ. ಅದು ಆಮ್ಲ ಕಡಿಮೆ ಮಾಡುವ ದಾರಿಯೇ ಬೇರೆ. ಲೋಹ ಇಲ್ಲ, ಡೊಲುಟೆಗ್ರಾವಿರ್‌ಗೆ ತೊಂದರೆ ಇಲ್ಲ. ಬೋಟಿನ ಖಾರದ ಸಾರು, ಹೊತ್ತಲ್ಲದ ಹೊತ್ತಿನ ಊಟ, ಉಂಡ ಕೂಡಲೇ ಮಲಗುವುದು ಇವೇ ನಿಮ್ಮ ಉರಿಗೆ ಕಾರಣ ಇರಬಹುದು, ಅದನ್ನೂ ಹೇಳಿ.

ಡೈಜಿನ್ ಬಗ್ಗೆ ಹೇಳಿದ ಮಾತು ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೂ ಅನ್ವಯಿಸುತ್ತದೆ, ಸಣ್ಣ ರಿಯಾಯಿತಿಯೊಂದಿಗೆ: ಹೊಟ್ಟೆ ತುಂಬ ಊಟದ ಜೊತೆಗೆ ಆದರೆ ಅವನ್ನು ಎಚ್‌ಐವಿ ಮಾತ್ರೆಯೊಂದಿಗೇ ತೆಗೆದುಕೊಳ್ಳಬಹುದು. ಖಾಲಿ ಹೊಟ್ಟೆಗಾದರೆ ಅದೇ ಎರಡು ಗಂಟೆ, ಆರು ಗಂಟೆಯ ನಿಯಮ. ನಮ್ಮ ಕಡೆ ಹೊಟ್ಟೆಯುಬ್ಬರಕ್ಕೆ ಶಂಖಭಸ್ಮ ಸೇರಿದ ಗುಳಿಗೆ, ರಕ್ತಹೀನತೆಗೆ ಲೋಹಭಸ್ಮ, ಮಂಡೂರ ಕೊಡುವ ರೂಢಿ ಇದೆ. ಶಂಖಭಸ್ಮ ಬಹುಪಾಲು ಕ್ಯಾಲ್ಸಿಯಂ, ಉಳಿದೆರಡು ಕಬ್ಬಿಣ. ಹೆಸರು ಬೇರೆಯಾದರೂ ಹೊಟ್ಟೆಯಲ್ಲಿ ಮಾಡುವುದು ಅದನ್ನೇ.

ಬೆನ್ನುನೋವಿನ ಮಾತ್ರೆಗೆ ಬರೋಣ. ಬಲೆ ಎಳೆಯುವವರಿಗೆ ಬೆನ್ನುನೋವು ತಪ್ಪಿದ್ದಲ್ಲ, ಅಂಗಡಿಯವರು ಕೊಡುವುದು ಹೆಚ್ಚಾಗಿ ಡೈಕ್ಲೋಫೆನಾಕ್ ಸೇರಿದ ಮಾತ್ರೆ. ಅದೂ ಮೂತ್ರಪಿಂಡಕ್ಕೆ ಭಾರ, ಟೆನೊಫೊವಿರ್ ಕೂಡ ಅಲ್ಲಿಗೇ ಭಾರ. ಬಿಸಿಲಲ್ಲಿ ಬೆವರು ಸುರಿಸಿ, ಬೋಟಿನಲ್ಲಿ ನೀರು ಉಳಿಸಲೆಂದು ಕಡಿಮೆ ಕುಡಿದು, ದಿನಕ್ಕೆರಡರಂತೆ ಇಂಥ ಮಾತ್ರೆ ನುಂಗಿದರೆ ಮೂತ್ರಪಿಂಡ ಎಲ್ಲಿಂದ ತಾಳಿಕೊಳ್ಳಬೇಕು? ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ನೋಡಿ. ಸಾಲದಿದ್ದರೆ ವೈದ್ಯರು ಹೇಳಿದಷ್ಟು ದಿನ ಮಾತ್ರ ಬೇರೆಯದು. ಸೆಂಟರಿನಲ್ಲಿ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಮಾಡುವುದು ಮೂತ್ರಪಿಂಡ ಹೇಗಿದೆ ಎಂದು ನೋಡಲಿಕ್ಕೇ. ಡೊಲುಟೆಗ್ರಾವಿರ್ ಶುರುಮಾಡಿದ ಮೇಲೆ ಆ ಅಂಕಿ ತುಸು ಏರುತ್ತದೆ, ಅದು ಮೂತ್ರಪಿಂಡ ಕೆಟ್ಟದ್ದರ ಗುರುತಲ್ಲ. ಏರುತ್ತಲೇ ಹೋದರೆ ಮಾತ್ರ ವೈದ್ಯರು ಬೇರೆ ಔಷಧದ ಯೋಚನೆ ಮಾಡುತ್ತಾರೆ.

ಊಟಕ್ಕೆ ಪಥ್ಯ ಇಲ್ಲ. ಮೀನು, ಕೋಳಿ, ಕುಚ್ಚಲಕ್ಕಿ ಗಂಜಿ, ಯಾವುದೂ ಈ ಮಾತ್ರೆಗೆ ವಿರೋಧಿಯಲ್ಲ. ಉಣ್ಣುವ ಮೊದಲೂ ಆದೀತು, ಉಂಡ ಮೇಲೂ ಆದೀತು. ಕುಡಿತ ಮಾತ್ರೆಯನ್ನು ನೇರವಾಗಿ ಕೆಡಿಸದಿದ್ದರೂ ಕುಡಿದ ರಾತ್ರಿ ಮಾತ್ರೆ ಮರೆತುಹೋಗುವುದನ್ನು ನಾನು ಸಾಕಷ್ಟು ಕಂಡಿದ್ದೇನೆ.

ಆಟಿ ಅಮಾವಾಸ್ಯೆಯ ಕಷಾಯ ವರ್ಷಕ್ಕೊಮ್ಮೆ, ಒಂದು ಗುಟುಕು. ಅದಕ್ಕಾಗಿ ಮಾತ್ರೆ ಬಿಡಬೇಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಷಾಯ ಕುಡಿದರೆ ಆ ದಿನದ ಮಾತ್ರೆಯನ್ನು ಮಧ್ಯಾಹ್ನದ ಊಟದ ನಂತರ ತೆಗೆದುಕೊಳ್ಳಿ. ತೊಗಟೆ ತರುವವರು ಪಾಲೆಯ ಮರವನ್ನು ಸರಿಯಾಗಿ ಬಲ್ಲವರಾಗಿರಬೇಕು. ಕತ್ತಲಲ್ಲಿ ಕಾಸರಕದ ತೊಗಟೆ ಕೆತ್ತಿ ತಂದರೆ ಅದು ಯಾರಿಗಾದರೂ ವಿಷವೇ. ಆದರೆ ‘ಎಚ್‌ಐವಿ ಪೂರ್ತಿ ಗುಣಮಾಡುತ್ತೇವೆ, ಇಂಗ್ಲಿಷ್ ಮಾತ್ರೆ ನಿಲ್ಲಿಸಿ’ ಎನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಹೀಗೆ ಹೋಗಿ, ಚೆನ್ನಾಗಿದ್ದವರು ಆರು ತಿಂಗಳಲ್ಲಿ ಎಲುಬು ಚರ್ಮವಾಗಿ ಮರಳಿ ಬಂದದ್ದನ್ನು ನೋಡಿದ್ದೇನೆ. ಆ ಸಂಕಟ ಇನ್ನೂ ಹೋಗಿಲ್ಲ.

ಈಗ ಬೋಟಿನ ವಿಷಯ. ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ನಿಮಗೆ ಮಾತ್ರೆಯಿಂದ ವಾಂತಿ ಇಲ್ಲ, ತಲೆಸುತ್ತಿಲ್ಲ. ಮಾತ್ರೆ ತಪ್ಪಿದ್ದು ಮರೆವಿನಿಂದಲೂ ಅಲ್ಲ, ಎಂಟು ಹತ್ತು ಜನ ಒತ್ತಾಗಿ ಮಲಗುವ ಜಾಗದಲ್ಲಿ ಡಬ್ಬಿ ತೆರೆಯುವ ಸದ್ದಿಗೆ ಹೆದರಿ. ಇದು ನಿಮ್ಮೊಬ್ಬರ ಕತೆಯಲ್ಲ. ಯಕ್ಷಗಾನ ಮೇಳದ ಜೊತೆ ತಿರುಗುವವರು, ಮುಂಬೈ ಹೋಟೆಲಿನ ಕೋಣೆಯಲ್ಲಿ ಆರು ಮಂದಿಯ ಜೊತೆ ಇರುವವರು ಇದನ್ನೇ ಹೇಳುತ್ತಾರೆ. ನನ್ನ ಅನುಭವದಲ್ಲಿ ಈಗಿನ ಮಾತ್ರೆ ಸೋಲುವುದು ಅಡ್ಡಪರಿಣಾಮದಿಂದ ಬಹಳ ಕಡಿಮೆ, ಗುಟ್ಟಿನ ಭಾರದಿಂದ ಹೆಚ್ಚು.

ಹೊತ್ತು ಬದಲಿಸಿ. ರಾತ್ರಿ ಮಲಗುವಾಗಲೇ ತೆಗೆದುಕೊಳ್ಳಬೇಕು ಎಂಬ ಮಾತು ಎಫಾವಿರೆಂಜ್ ಇದ್ದ ಹಳೆಯ ಮಾತ್ರೆಯ ಕಾಲದ್ದು. ಅದು ತಲೆಸುತ್ತು, ವಿಚಿತ್ರ ಕನಸು ತರುತ್ತಿತ್ತು. ಡೊಲುಟೆಗ್ರಾವಿರ್‌ಗೆ ಆ ಕಟ್ಟು ಇಲ್ಲ. ಕೆಲವರಿಗೆ ರಾತ್ರಿ ತೆಗೆದುಕೊಂಡರೆ ನಿದ್ದೆಯೇ ಬರುವುದಿಲ್ಲ, ಅವರಿಗೆ ಬೆಳಿಗ್ಗೆಯೇ ಒಳ್ಳೆಯದು. ಬೋಟಿನಲ್ಲಿ ಬಲೆ ಎಳೆಯುವುದಕ್ಕೆ ಹಗಲು ರಾತ್ರಿ ಎಂದಿಲ್ಲ, ಆದರೆ ಬೆಳಗಿನ ಚಾಯಕ್ಕೆ ಒಂದು ಹೊತ್ತು ಇರುತ್ತದಲ್ಲ? ಆ ಹೊತ್ತಿಗೆ ಮೊಬೈಲಿನಲ್ಲಿ ಅಲಾರಾಂ ಇಡಿ. ನೆಟ್‌ವರ್ಕ್ ಇಲ್ಲದ ಕಡೆಯೂ ಅಲಾರಾಂ ಹೊಡೆಯುತ್ತದೆ. ಹಗಲಲ್ಲಿ ಒಂದು ಮಾತ್ರೆ ನುಂಗಿದರೆ ಬಿಪಿಗೆ, ಗ್ಯಾಸಿಗೆ ಅಂದುಕೊಳ್ಳುತ್ತಾರೆ. ರಾತ್ರಿ ಕದ್ದು ನುಂಗಿದರೆ ಕೇಳುತ್ತಾರೆ.

ಹತ್ತು ದಿನದ ಟ್ರಿಪ್ಪಿಗೆ ಇಪ್ಪತ್ತು ಮಾತ್ರೆ ಒಯ್ಯಿರಿ. ಗಾಳಿ ಎದ್ದು ಬೇರೆ ಬಂದರಿನಲ್ಲಿ ಆಶ್ರಯ ಪಡೆಯಬೇಕಾಗಿ ಬಂದರೆ ಎಷ್ಟು ದಿನವೋ ನಿಮಗೇ ಗೊತ್ತು. ಉಳಿದದ್ದು ಮನೆಯಲ್ಲಿರಲಿ. ಮಾತ್ರೆ ಮೂಲ ಡಬ್ಬಿಯಲ್ಲೇ ಇರುವುದು ಒಳ್ಳೆಯದು. ಒಮ್ಮೆ ಒಬ್ಬರು ಪ್ಲಾಸ್ಟಿಕ್ ಲಕೋಟೆಯಲ್ಲಿ ಕಟ್ಟಿ ಇಟ್ಟಿದ್ದ ಮಾತ್ರೆ ತಂದು ತೋರಿಸಿದರು. ಉಪ್ಪುಗಾಳಿಗೆ ಮೇಲಿನ ಪದರ ಅಂಟಂಟಾಗಿ ನಾಲ್ಕು ಮಾತ್ರೆ ಒಂದಕ್ಕೊಂದು ಹಿಡಿದುಕೊಂಡಿದ್ದವು, ಬಿಡಿಸುವಾಗ ಬೆರಳಿಗೆ ಪುಡಿ ಹತ್ತಿತು. ಅಂಥದನ್ನು ನುಂಗಬಾರದು, ಸೆಂಟರಿಗೆ ಹಿಂದೆ ಕೊಟ್ಟು ಬೇರೆ ತರಬೇಕು. ಡಬ್ಬಿಯೊಳಗೆ ತೇವ ಹೀರುವ ಸಣ್ಣ ಪೊಟ್ಟಣ ಇರುತ್ತದೆ, ಅದನ್ನು ಎಸೆಯಬೇಡಿ, ಒದ್ದೆ ಕೈ ಹಾಕಬೇಡಿ, ಮುಚ್ಚಳ ಗಟ್ಟಿಯಾಗಿ ತಿರುಗಿಸಿ. ಇಂಜಿನ್ ಕೋಣೆಯ ಸೆಕೆ ಬೇಡ, ಐಸಿನ ಹತ್ತಿರವೂ ಬೇಡ, 30 ಡಿಗ್ರಿಗಿಂತ ಕೆಳಗಿನ ಒಣ ಜಾಗ ಸಾಕು. ಲೇಬಲ್ ಕಾಣುತ್ತದೆಂಬ ಭಯವಿದ್ದರೆ ಹರಿದು ತೆಗೆಯಬೇಡಿ, ಮೇಲೊಂದು ಕಾಗದ ಸುತ್ತಿ. ನೀವು ಕಾಯಿಲೆ ಬಿದ್ದರೆ ವೈದ್ಯರಿಗೆ ಆ ಲೇಬಲ್ ಬೇಕು. ಅಲೆಗೆ ವಾಂತಿಯಾಗುವುದುಂಟು. ನುಂಗಿ ಒಂದು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ, ಅದರ ನಂತರವಾದರೆ ಬೇಕಿಲ್ಲ.

ಬೋಟು ನಡೆಸುವ ತಾಂಡೇಲರಿಗೆ, ಜೊತೆಯ ಕೆಲಸಗಾರರಾದ ಕಲಾಸಿಗಳಿಗೆ ಹೇಳಲೇಬೇಕೆಂದು ಯಾವ ಕಟ್ಟುಪಾಡೂ ಇಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸೋಂಕು ಇದೆ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಆಸ್ಪತ್ರೆಯವರು ನಿಮ್ಮ ವಿಷಯ ಹೊರಗೆ ಬಿಡುವಂತಿಲ್ಲ. ಒಟ್ಟಿಗೆ ಉಣ್ಣುವುದರಿಂದ, ಒಂದೇ ಲೋಟದಲ್ಲಿ ಕುಡಿಯುವುದರಿಂದ, ಹತ್ತಿರ ಮಲಗುವುದರಿಂದ ಅವರಿಗೆ ಏನೂ ಆಗುವುದಿಲ್ಲ.

ಮಂಗಳೂರಿನಿಂದ ಮಾತ್ರೆ ತರುವುದು ನಿಮ್ಮ ಇಷ್ಟ, ಅದನ್ನು ತಪ್ಪೆನ್ನಲಾರೆ. ಆದರೆ ಬೋಟು ಬಂದು ಮೀನು ಇಳಿಸಿ, ಐಸು ಡೀಸೆಲ್ ತುಂಬಿ ಮತ್ತೆ ಹೊರಡುವ ನಡುವೆ ಸುಮಾರು 60 ಕಿಲೋಮೀಟರ್ ಹೋಗಿ ಬರಲು ಎಲ್ಲಿ ಪುರುಸೊತ್ತು? ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲೂ ಎಆರ್‌ಟಿ ಸೆಂಟರ್ ಇದೆ. ಬೇಕೆಂದರೆ ಅಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು. ಅದು ಬೇಡವೆಂದಾದರೆ, ಪರೀಕ್ಷೆಗಳು ಸರಿಯಿರುವವರಿಗೆ ಒಮ್ಮೆಗೇ ಎರಡು ಮೂರು ತಿಂಗಳ ಮಾತ್ರೆ ಕೊಡುವ ಏರ್ಪಾಡು ಇದೆ, ಬೋಟಿನ ಕೆಲಸ ಎಂದು ಹೇಳಿ ಕೇಳಿ. ನಿಮ್ಮ ಹಸಿರು ಪುಸ್ತಕದ ಫೋಟೋ ಮೊಬೈಲಿನಲ್ಲಿ ಇರಲಿ. ಬೇರೆ ಊರಿನಲ್ಲಿ ಮಾತ್ರೆ ಮುಗಿದರೆ ಅಲ್ಲಿನ ಎಆರ್‌ಟಿ ಸೆಂಟರಿನಲ್ಲಿ ತೋರಿಸಿ ಕೆಲವು ದಿನಕ್ಕೆ ಪಡೆಯಬಹುದು. ಎಲ್ಲಿ ಎಂದು ತಿಳಿಯದಿದ್ದರೆ 1097ಕ್ಕೆ ಕರೆ ಮಾಡಿ, ದುಡ್ಡಿಲ್ಲ. ಸರಕಾರ ಈ ಔಷಧವನ್ನು ಉಚಿತವಾಗಿ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಿಂದ. ಅಂದಿನ ಮಾತ್ರೆ ದಿನಕ್ಕೆರಡು, ಅದರಲ್ಲಿದ್ದ ಸ್ಟಾವುಡಿನ್‌ನಿಂದ ಕೆಲವರ ಕೆನ್ನೆ ಬತ್ತಿ ಕಾಲು ಉರಿಯುತ್ತಿತ್ತು. ಹಳಬರು ಹೇಳಿ ಹೆದರಿಸುವುದು ಆ ಕತೆಯನ್ನು.

ಬೇರೆ ಯಾವುದೇ ಕಾಯಿಲೆಗೆ ವೈದ್ಯರ ಹತ್ತಿರ ಹೋದರೂ ಈ ಮಾತ್ರೆಯ ಹೆಸರು ಹೇಳಲೇಬೇಕು. ಎರಡು ವಾರ ಬಿಡದ ಕೆಮ್ಮು, ಸಂಜೆಯ ಜ್ವರ ಬಂದು ಕ್ಷಯ ಎಂದಾದರೆ, ಅದಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧ ಡೊಲುಟೆಗ್ರಾವಿರನ್ನು ಬೇಗ ಕರಗಿಸಿಬಿಡುತ್ತದೆ. ಆಗ 12 ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇಕು, ಕ್ಷಯದ ಔಷಧ ಮುಗಿದು ಎರಡು ವಾರದ ತನಕ. ಫಿಟ್ಸಿಗೆ ಕೊಡುವ ಫೆನಿಟೊಯಿನ್, ಕಾರ್ಬಮಜೆಪಿನ್ ಕೂಡ ಹಾಗೆಯೇ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇದಕ್ಕೆ ಉಲ್ಟಾ: ಡೊಲುಟೆಗ್ರಾವಿರ್ ಇರುವಾಗ ಅದರ ಮಟ್ಟ ರಕ್ತದಲ್ಲಿ ಏರುತ್ತದೆ, ಆದ್ದರಿಂದ ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸುವುದಿಲ್ಲ.

ಕೊನೆಗೆ ಮಗುವಿನ ವಿಷಯ. ಖಂಡಿತ ಸಾಧ್ಯ, ಅದೂ ನಿಮ್ಮಿಬ್ಬರದೇ ಮಗು, ಹೆಂಡತಿಗೆ ಸೋಂಕು ತಗಲದೆ. ಗಂಡನಿಗೋ ಹೆಂಡತಿಗೋ ಒಬ್ಬರಿಗೆ ಮಾತ್ರ ಸೋಂಕಿದ್ದ ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿದ ಎಚ್‌ಪಿಟಿಎನ್ 052 ಎಂಬ ದೊಡ್ಡ ಅಧ್ಯಯನದಲ್ಲಿ ಚೆನ್ನೈ, ಪುಣೆಯ ದಂಪತಿಗಳೂ ಇದ್ದರು. ಬೇಗ ಔಷಧ ಶುರುಮಾಡಿದರೆ ಜೊತೆಗಾರರಿಗೆ ಹರಡುವುದು 96 ಶೇಕಡಾ ಕಡಿಮೆಯಾಗುತ್ತದೆ ಎಂದು 2011ರಲ್ಲಿ ಗೊತ್ತಾಯಿತು. ಮುಂದಿನ ಅಧ್ಯಯನಗಳಿಂದ ಸ್ಪಷ್ಟವಾದದ್ದು, ವೈರಲ್ ಲೋಡ್ (ಒಂದು ಮಿಲಿಲೀಟರ್ ರಕ್ತದಲ್ಲಿ) 200ಕ್ಕಿಂತ ಕೆಳಗೆ ಸ್ಥಿರವಾಗಿ ನಿಂತವರಿಂದ ಲೈಂಗಿಕ ಸಂಪರ್ಕದಲ್ಲಿ ಹರಡುವುದೇ ಇಲ್ಲ ಎಂಬುದು.

ಆದರೆ ನಿಮ್ಮ ಟಿಎನ್‌ಡಿ ಮೂರು ತಿಂಗಳು ಹಳೆಯದು, ಮಾತ್ರೆ ತಪ್ಪುವ ಮೊದಲಿನದು, ಮೇಲಿಂದ ಡೈಜಿನ್ ಬೇರೆ. ಆ ಕಾಗದವನ್ನು ನಂಬಿ ಈಗಲೇ ಕಾಂಡೋಮ್ ಬಿಡಬೇಡಿ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ರಜೆ, ಬೋಟು ದಡದಲ್ಲೇ. ಅಲ್ಲಿಯ ತನಕ ಒಂದು ಮಾತ್ರೆಯೂ ತಪ್ಪದಂತೆ ನೋಡಿಕೊಳ್ಳಿ. ನಿಮಗೆ ಹನ್ನೆರಡು ತಿಂಗಳಿಗೆ ಹೇಗೂ ವೈರಲ್ ಲೋಡ್ ಪರೀಕ್ಷೆ ಇದೆ, ಅದು ರಜೆಗಿಂತ ಮೊದಲೇ ಬಂದರೆ ಒಂದು ಟ್ರಿಪ್ ಬಿಟ್ಟಾದರೂ ಹೋಗಿ. ಆ ರಜೆಯಲ್ಲಿ ಇಬ್ಬರೂ ಒಟ್ಟಿಗೆ ಸೆಂಟರಿಗೆ ಹೋಗಿ, ಕ್ರಿಯಾಟಿನಿನ್ ಮಾಡಿಸಿ, ಹೆಂಡತಿಯ ಎಚ್‌ಐವಿ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿಸಿ, ‘ನಮಗೆ ಮಗು ಬೇಕು’ ಎಂದು ಬಾಯಿಬಿಟ್ಟು ಹೇಳಿ. ಫಲಿತಾಂಶ ಮತ್ತೆ ಟಿಎನ್‌ಡಿ ಬಂದರೆ ಯಾವ ತಿಂಗಳಿಂದ ಕಾಂಡೋಮ್ ಬಿಡಬಹುದೆಂದು ಅವರೇ ದಿನ ನೋಡಿ ಹೇಳುತ್ತಾರೆ. ಹೋಗುವಾಗ ಡೈಜಿನ್ ಬಾಟಲಿ ಮತ್ತು ಬೆನ್ನುನೋವಿನ ಮಾತ್ರೆಯ ಖಾಲಿ ಪಟ್ಟಿ ಚೀಲದಲ್ಲಿ ಹಾಕಿಕೊಂಡು ಹೋಗಿ, ಡಾಕ್ಟರರ ಮೇಜಿನ ಮೇಲೆ ಇಡಿ.